ನೀರಗಂಟಿ ರಂಗಯ್ಯನವರು ಬರೆಸಲು ಬಂದ ಕೊನೆಯ ಅರ್ಜಿ

ರಂಗಯ್ಯನವರಿಗೆ ಕತ್ತು ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಕರೆದರೆ ಬೀರುವನ್ನು ಸರಿಸಿದಂತೆ ಇಡೀ ದೇಹವನ್ನೇ ಆ ಕಡೆಗೆ ತಿರುಗಿಸಿ ನೋಡುತ್ತಿದ್ದರು. ಇಪ್ಪತ್ತನೆಯ ವಯಸ್ಸಿನಲ್ಲಿ ಕುಣಿಗಲ್ ಕಡೆಯ ಸೇತುವೆಯೊಂದರಿಂದ ತಲೆ ಕೆಳಗಾಗಿ ಹಾರಿ, ನೀರಿನೊಳಗಿದ್ದ ಬಂಡೆಗೆ ಬಡಿದುಕೊಂಡದ್ದೇ ಇದಕ್ಕೆ ಕಾರಣವೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಗುಬ್ಬಿಯಲ್ಲಿ ನಾನು ನಡೆಸುತ್ತಿರುವ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಗೆ ಅವರು ಮೊದಲ ಬಾರಿ ಬಂದದ್ದು ಅರ್ಜಿ ಬರೆಸುವ ಸಲುವಾಗಿ. ನಾಲೆಯಿಂದ ಹೊಲಗಳಿಗೆ ನೀರು ಹಂಚುವ ನೀರಗಂಟಿಯಾಗಿದ್ದು ಆಗಷ್ಟೇ ಕೆಲಸ ಬಿಟ್ಟಿದ್ದರು. ಊರಾಚೆಯ ನಾಲಾ ಸೇತುವೆಯಿಂದ ಭಾನುವಾರಗಳಂದು ಯುವಕರು ನೀರಿಗೆ ಹಾರುತ್ತಿರುವುದರಿಂದ ಎರಡೂ ಬದಿಗೆ ಎತ್ತರದ ಜಾಲರಿ ಅಳವಡಿಸಬೇಕೆಂಬುದು ಅವರ ಕೋರಿಕೆ. ‘ಸದರಿ ಸೇತುವೆಯಿಂದ ಅನಾಹುತ ಸಂಭವಿಸುವ ಸಾಧ್ಯತೆಯಿದ್ದು’ ಎಂದು ಟೈಪ್ ಮಾಡಿ ಓದಿ ಹೇಳಿದೆ.

“ಸೇತ್ವೆ ಏನ್ ಮಾಡ್ತದವ್ವ, ಅದ್ ಸುಮ್ಕೆ ನಿಂತೈತೆ. ಹಾರೋರಿಂದ ಅಂತ ಬರಿ,” ಎಂದರು. “ನೀರ್ಗೂ ಒಂದ್ ಹೊಟ್ಟೆ ಇರ್ತದೆ ಕಣವ್ವ. ಹೊಟ್ಟೇಲಿ ಏನೈತೆ ಅಂತ ಮಕ ನೋಡಿದ್ರೆ ಗೊತ್ತಾಗಕಿಲ್ಲ.”

ಸೇತುವೆಯು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ನಾಲೆಯ ಕಚೇರಿಯಿಂದ ಉತ್ತರ ಬಂತು. ಎರಡನೆಯ ಕಚೇರಿಗೆ ಬರೆದೆವು. ಸೇತುವೆ ತಮ್ಮದೇ ಆದರೂ ಹಾರುವುದು ನಾಲೆಗಾದ್ದರಿಂದ ನಾಲೆಯವರನ್ನು ಸಂಪರ್ಕಿಸುವುದು ಎಂದು ಅವರು ತಿಳಿಸಿದರು. ಐದನೆಯ ಅರ್ಜಿಯ ವೇಳೆಗೆ ನನಗೇ ರೇಗಿಹೋಗಿತ್ತು. ರಂಗಯ್ಯನವರು ಮಾತ್ರ ಪ್ರತಿ ಸಲವೂ ಹೊಸದಾಗಿ ಬಂದವರಂತೆ ಕುಳಿತು, ಮೊದಲಿನಿಂದ ಹೇಳುತ್ತಿದ್ದರು.

ನಮ್ಮ ಕಡೆ ಗಣೇಶನನ್ನು ಬಿಡುವುದೂ ಅದೇ ಸೇತುವೆಯಿಂದ. ಮೂರ್ತಿಯನ್ನು ಪೀಠದ ಸಮೇತ ಮೇಲಿನಿಂದಲೇ ತಳ್ಳುತ್ತಾರೆ. ಮಣ್ಣು ಕರಗಿಹೋಗುತ್ತದೆ, ಪೀಠಕ್ಕೆ ಬೆಸುಗೆ ಹಾಕಿದ ಕಬ್ಬಿಣದ ಚೌಕಟ್ಟು ಸರಳುಗಳನ್ನು ಮೇಲೆ ಮಾಡಿಕೊಂಡು ತಳದಲ್ಲಿ ಉಳಿಯುತ್ತದೆ. ಬಿಟ್ಟವರೇ ಮುಂದಿನ ಭಾನುವಾರ ಬಂದು ಅದೇ ಜಾಗಕ್ಕೆ ಹಾರುತ್ತಾರೆ. ದೇವರನ್ನು ಬಿಟ್ಟ ನೀರಿನಲ್ಲಿ ಕೇಡಾಗದೆಂಬ ಧೈರ್ಯ ಬೇರೆ.

ಹಬ್ಬದ ನಂತರದ ಭಾನುವಾರ ರಂಗಯ್ಯನವರು ತಳದಲ್ಲಿ ಕಬ್ಬಿಣವಿದೆ, ಹಾರಬೇಡಿ ಎನ್ನುತ್ತ ಸೇತುವೆಯ ಮೇಲೆ ಕೈ ಅಗಲಿಸಿ ನಿಂತಿದ್ದರು. ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಮಧುವೂ ಹಾರುವವರ ಗುಂಪಿನಲ್ಲಿದ್ದ. ಅವನನ್ನು ಊಟಕ್ಕೆ ಕರೆಯಲು ನಾನು ಅಲ್ಲಿಗೆ ಹೋಗಿದ್ದೆ.

“ತಾತ, ನೀನೂ ಹಾರ್ದೋನೇ ತಾನೆ? ಬದ್ಕಿಲ್ವಾ ಈಗ?” ಎಂದ ಮಧು.

“ಬದ್ಕಿವ್ನಿ ಕಣ್ಲಾ. ಕತ್ತಿನ್ ಹಿಂದೆ ಸೊಳ್ಳೆ ಕಚ್ಚಿದ್ರೆ ಹೆಂಡ್ರುನ್ ಕೂಗ್ಕೊಂಡು ಬದ್ಕಿವ್ನಿ.”

ಎಲ್ಲರೂ ನಕ್ಕರು. “ಕಬ್ಣ ಐತೆ ಅಂತೀಯಲ್ಲ, ಎಲ್ಲೈತೆ ತೋರ್ಸು,” ಎಂದ ಇನ್ನೊಬ್ಬ.

ಅವರು ತೋರಿಸಿಯೇ ಬಿಟ್ಟರು. ಮರುದಿನದಿಂದ ಮೂರು ದಿನ ನಾಲೆಯ ಮೆಟ್ಟಿಲಿಳಿದು, ಹಗ್ಗಕ್ಕೆ ಕೊಕ್ಕೆ ಕಟ್ಟಿ ತಡಕಿ, ಟ್ರ್ಯಾಕ್ಟರಿನವನೊಬ್ಬನನ್ನು ಕಾಡಿ ಬೇಡಿ ನಾಲ್ಕು ಚೌಕಟ್ಟುಗಳನ್ನು ಎಳೆಸಿ ದಡಕ್ಕೆ ಹಾಕಿದರು. ಒಳ್ಳೆಯ ಕೆಲಸ ಮಾಡಿದಿರೆಂದು ನಾನು ಅವರಿಗೆ ಕಾಫಿ ತರಿಸಿಕೊಟ್ಟೆ.

ಮುಂದಿನ ಭಾನುವಾರ ಸೇತುವೆಯ ಮೇಲೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. “ತಾತ ಕ್ಲೀನ್ ಮಾಡವ್ರೆ, ಬನ್ರೋ,” ಎಂದು ಮಧುವೇ ಎಲ್ಲರಿಗೂ ಫೋನ್ ಮಾಡಿದ್ದನಂತೆ. ಮೇಲಿನ ತೂಬಿನಲ್ಲಿ ನೀರು ಕಡಿಮೆ ಮಾಡಿದ್ದಾರೆ, ಕೆಳಗೆ ಬರೀ ಹೂಳಿದೆ ಎಂದು ರಂಗಯ್ಯನವರು ಗಂಟಲು ಹರಿಯುವಂತೆ ಕೂಗಿದರಂತೆ. ನೀರಿನ ಬಣ್ಣ ಹಿಂದಿನ ವಾರದಂತೆಯೇ ಇದ್ದುದರಿಂದ ಯಾರೂ ನಂಬಲಿಲ್ಲ. ಮಧು ತಲೆ ಕೆಳಗಾಗಿ ಹಾರಿದ.

ಅವನನ್ನು ಎತ್ತಿ ಕೂರಿಸಲು ಹೋದವರನ್ನು ಬೈದು ತಡೆದು, ಆಂಬುಲೆನ್ಸ್ ಬರುವವರೆಗೆ ಅವನ ಕತ್ತು ಅಲುಗದಂತೆ ನೀರಿನ ಮೇಲೆ ಅಂಗಾತ ಹಿಡಿದು ನಿಂತವರು ರಂಗಯ್ಯನವರೇ. ಮಧು ಬದುಕಿದ್ದಾನೆ. ತುಮಕೂರಿನ ಆಸ್ಪತ್ರೆಯಿಂದ ಮನೆಗೂ ಬಂದಿದ್ದಾನೆ. ಕಾಲುಗಳಿಗೆ ಈವರೆಗೆ ಬಲ ಬಂದಿರುವುದಿಲ್ಲ.

ಅವನು ಮನೆಗೆ ಬಂದ ವಾರದಲ್ಲಿ ರಂಗಯ್ಯನವರು ಅಂಗಡಿಗೆ ಬಂದರು. ಅದೇ ನಮ್ಮ ಕೊನೆಯ ಭೇಟಿ.

“ನಾಲೆ ಕ್ಲೀನ್ ಮಾಡ್ದೋನು ನಾನು, ಆ ಧೈರ್ಯಕ್ಕೇ ಹುಡ್ಗ ಹಾರ್ದ, ತಪ್ಪು ನಂದು ಅಂತ ಬರಿಯವ್ವ. ಎರಡ್ ಆಫೀಸ್ಗೂ ಕೊಟ್ಟು ಬತ್ತೀನಿ. ಇದ್ಕಾದ್ರೂ ಬಂದು ನೋಡ್ತಾರೇನೋ.”

“ತಪ್ಪು ನಿಮ್ದಲ್ಲ ತಾತ. ನಾನ್ ಬರಿಯಲ್ಲ,” ಎಂದೆ. ದನಿ ಜೋರಾಗಿತ್ತು.

“ಹಂಗಾರೆ ಯಾರ್ದು ಅಂತ ಬರಿ. ನೀನ್ ಓದ್ದೋಳು.”

ಕಚೇರಿಗಳ ಹೆಸರನ್ನು ಟೈಪ್ ಮಾಡಿದೆ. ಅಷ್ಟೇ ಹೇಳಿದರೆ ಪೂರ್ತಿ ನಿಜವಾಗುವುದಿಲ್ಲವೆನಿಸಿ ಅಳಿಸಿದೆ. ಮನೆಯಲ್ಲಿ ಮಲಗಿರುವ ತಮ್ಮನ ಹೆಸರು ಹಾಕಲು ಕೈ ಬರಲಿಲ್ಲ. ಅವರು ಎರಡು ಬಸ್ಸು ಬಿಟ್ಟು ಕಾದರು.

“ನಾಳೆ ಬತ್ತೀನಿ ಬುಡು. ಯೋಚ್ನೆ ಮಾಡಿಟ್ಟಿರು,” ಎಂದು ಎದ್ದು ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನ ಅವರ ಸೊಸೆ ಮಾವನ ವೈಕುಂಠ ಸಮಾರಾಧನೆಯ ಕಾರ್ಡ್ ಮಾಡಿಸಲು ಬಂದರು. ಅದನ್ನು ಹತ್ತು ನಿಮಿಷದಲ್ಲಿ ಟೈಪ್ ಮಾಡಿಕೊಟ್ಟೆ.