ಹೆಣದ ಹಿಂದೆ ಕೂತವನು

ನಮ್ಮೂರ ಬೆಟ್ಟಸ್ವಾಮಿಗೆ ಬೇರೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಊರೆಲ್ಲ ಚೆನ್ನಾಗಿರಲಿ, ಪಕ್ಕದ ತೋಟದ ಪರಮಶಿವಯ್ಯ ಒಬ್ಬ ಕೆಟ್ಟರೆ ಸಾಕು ಅನ್ನುವಷ್ಟು ದೊಡ್ಡ ಮನಸ್ಸು. ಇಬ್ಬರದೂ ಒಂದೇ ಬೇಲಿ, ಒಂದೇ ಮಣ್ಣು. ಆದರೂ ಒಣಗಲು ಹಾಕಿದ್ದ ತೆಂಗಿನಕಾಯಿ ಅಟ್ಟದಿಂದ ಇಳಿಸಿ ಸುಲಿದಾಗ ಪರಮಶಿವಯ್ಯನ ಕಾಯಲ್ಲಿ ದುಂಡನೆಯ ಕೊಬ್ಬರಿ, ಇವನದರಲ್ಲಿ ಅರ್ಧಕ್ಕರ್ಧ ಕೊಳೆತದ್ದು. ಇವನು ನೋಡಿ ಬಂದಿದ್ದ ಹೆಣ್ಣು ಸರ್ವಮಂಗಳ ಕೊನೆಗೆ ಪರಮಶಿವಯ್ಯನ ಮನೆ ತುಂಬಿದ್ದಳು. ಇದೆಲ್ಲದರ ಮೇಲೆ ಅವನಿಗೆ ಸಿನಿಮಾದಲ್ಲಿ ಪಾರ್ಟು ಸಿಕ್ಕಿತು ನೋಡಿ, ಬೆಟ್ಟಸ್ವಾಮಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಪಾರ್ಟು ಅಂದರೆ ಹೆಣದ ಪಾರ್ಟು. ಎಪ್ಪತ್ತರ ದಶಕದ ಕೊನೆ. ಬೆಂಗಳೂರಿನವರು ಬಂದು ನಮ್ಮೂರಲ್ಲಿ ಶೂಟಿಂಗ್ ಹೂಡಿದ್ದರು. ಸಾವಿನ ಮನೆಯ ತಮಾಷೆ ಚಿತ್ರ. ಸತ್ತವನ ಸೊಂಟದ ಬೀಗದಕೈಗೆ ಹೊಂಚುವ ಅಳಿಯನದೊಂದು ಕತೆ, ಅಳುವವರ ನಡುವೆ ಸೇರಿಕೊಂಡ ಕಳ್ಳರದೊಂದು, ಸಾವಿನ ಸುದ್ದಿ ಬೀಗರ ಕಿವಿಗೆ ಬೀಳದಂತೆ ಓಡಾಡುವ ಮದುವೆ ಹುಡುಗಿಯದೊಂದು. ಮೂರೂ ಬಂದು ಹೆಣದ ಹತ್ತಿರ ಗಂಟು ಬೀಳುತ್ತವೆ.

ಪರಮಶಿವಯ್ಯ ಮುಖದ ತುಂಬ ಬಿಳಿ ಬಟ್ಟೆ ಹೊದ್ದು ಚಟ್ಟದ ಮೇಲೆ ಮಲಗಿದ. ಯಾರೆಂದು ಹೆತ್ತವರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಬೆಟ್ಟಸ್ವಾಮಿಯ ಬಾಯಿ ಸುಮ್ಮನಿರಬೇಕಲ್ಲ! ಶೂಟಿಂಗೇ ಕೆಟ್ಟುಹೋಗಲಿ ಅಂತ ಮುಂದೆ ನುಗ್ಗಿದ.

"ಏನ್ ಸ್ವಾಮಿ ಇದು? ಲಿಂಗ ಕಟ್ಟಿದೋರ ಮನೇಲಿ ಹೆಣ ಮಲಗಿಸ್ತಾರೇನ್ರೀ? ಕೂರಿಸ್ತಾರೆ ಕಣ್ರೀ, ಕೂರಿಸ್ತಾರೆ! ಹಿಂಗೇ ತೆಗೆದ್ರೆ ನಮ್ಮ ಜನ ಟಾಕೀಸಿಗೆ ಕಲ್ಲು ಹೊಡೀತಾರೆ."

ನಿರ್ದೇಶಕ ಕೇಳಿದ್ದೇ ಕುಣಿದಾಡಿಬಿಟ್ಟ. ಕೂತ ಹೆಣ! ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ, ಚಕ್ಕಳಮಕ್ಕಳ ಹಾಕಿಕೊಂಡು ಮನೆ ಯಜಮಾನನ ಹಾಗೆ ಎಲ್ಲರ ಮಧ್ಯೆ ಕೂತ ಹೆಣ! ಮೂರು ಕತೆಗಳ ಒಂದೊಂದು ದೃಶ್ಯದಲ್ಲೂ ಪರಮಶಿವಯ್ಯನ ಮುಖ ಬಂತು. ಅವನೋ ನಿದ್ದೆಗಣ್ಣಿನವನು, ವಾಲುತ್ತಿದ್ದ. ಹಿಂದಿನಿಂದ ಹಿಡಿದುಕೊಳ್ಳಲು ಒಬ್ಬರು ಬೇಕಾಯಿತು. "ಎಲ್ಲ ಗೊತ್ತಿರೋರು ನೀವೇ ಅಲ್ವಾ," ಅಂತ ನಿರ್ದೇಶಕ ಬೆಟ್ಟಸ್ವಾಮಿಯನ್ನೇ ಹೆಣದ ಹಿಂದೆ ಇಳಿಬಿಟ್ಟ ಜಮಖಾನದ ಮರೆಯಲ್ಲಿ ಕೂರಿಸಿದ.

"ಗಟ್ಯಾಗಿ ಹಿಡ್ಕಳ್ಲಾ ಬೆಟ್ಟ, ಬೀಳ್ತೀನಿ," ಎಂದು ಹೆಣ ಪಿಸುಗುಟ್ಟುತ್ತಿತ್ತು.

"ಸತ್ತೋನು ಮಾತಾಡ್ಬಾರ್ದು ಕಣ್ಲಾ, ಮುಚ್ಕಂಡು ಕೂತ್ಕ!"

ಚಿತ್ರ ತಿಪಟೂರಿಗೆ ಬಂದಾಗ ಊರಿಗೆ ಊರೇ ಬಸ್ಸು ಹತ್ತಿತು. ಹೆಣ ಕಂಡಾಗಲೆಲ್ಲ ಶಿಳ್ಳೆ. ಬೆಟ್ಟಸ್ವಾಮಿ ಕಣ್ಣು ಕೀಲಿಸಿಕೊಂಡು ತನ್ನನ್ನು ಹುಡುಕಿದ. ಒಂದೇ ಒಂದು ಸಲ ಹೆಣದ ಹೆಗಲ ಹತ್ತಿರ ಏನೋ ಕಂಡಿತು.

"ಅದು ನನ್ನ ಹೆಬ್ಬೆಟ್ಟು ಕಣೇ!" ಎಂದು ಹೆಂಡತಿ ಗುರುಸಿದ್ದಮ್ಮನನ್ನು ತಿವಿದ.

"ಸುಮ್ಕಿರ್ರೀ, ಹೆಣ ನೋಡಕ್ಕೆ ಬುಡ್ರಿ," ಅಂದಳು ಆಕೆ.

ಅವತ್ತಿನಿಂದ ಅವನಿಗೆ ಆಸೆ ಅಂತ ಉಳಿದದ್ದು ಒಂದೇ. ಒಂದು ದಿನ ಪರಮಶಿವಯ್ಯನನ್ನು ಬೇಲಿ ಹತ್ತಿರ ನಿಲ್ಲಿಸಿ ಕೇಳೇಬಿಟ್ಟ.

"ನಾನು ನಿನಗಿಂತ ದೊಡ್ಡೋನು. ಮೊದ್ಲು ಸಾಯೋದು ನಾನೇ. ಆಗ ನಾನು ಮುಂದೆ, ನೀನು ಹಿಂದೆ. ಊರೆಲ್ಲ ನನ್ನ ನೋಡ್ಬೇಕು. ಹಿಡ್ಕತೀಯಾ?"

"ಹಿಡ್ಕತೀನಿ ಹೋಗ್ಲಾ," ಎಂದು ಪರಮಶಿವಯ್ಯ ನಕ್ಕ. ಬೆಟ್ಟಸ್ವಾಮಿ ಬಿಡಲಿಲ್ಲ, ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡ. ಆಮೇಲೆ ಸಾವಿನ ಮಾತೆತ್ತಿದರೆ ಸಾಕು, ಮದುವೆ ಗೊತ್ತಾದವನ ಹಾಗೆ ಗೆಲುವಾಗುತ್ತಿದ್ದ.

ಕೆಲವು ವರ್ಷ ಕಳೆದು ಒಂದು ಬೆಳಿಗ್ಗೆ ಪರಮಶಿವಯ್ಯ ಕೊಬ್ಬರಿ ಆರಿಸುತ್ತ ಕೂತವನು ಹಾಗೇ ರಾಶಿಗೆ ಒರಗಿ ಹೋಗಿಬಿಟ್ಟ. ಮಕ್ಕಳು ಕೂರಿಸಲು ನೋಡಿದರೆ ಮೈ ವಾಲುತ್ತಿತ್ತು. ಸರ್ವಮಂಗಳ ಕಣ್ಣೊರೆಸಿಕೊಂಡು, "ಬೆಟ್ಟಣ್ಣನ್ನ ಕರೀರಪ್ಪ," ಅಂದಳು.

ಬೆಟ್ಟಸ್ವಾಮಿ ಬಂದು ಬಾಗಿಲಲ್ಲೇ ನಿಂತ. "ಇದ್ರಲ್ಲೂ ಮುಂದೆ ಹೋದ್ನಲ್ಲ ನನ್ಮಗ," ಎಂದು ಹಲ್ಲು ಕಡಿದ. ನಿಜವಾಗಿಯೂ ಉರಿದುಹೋಗಿದ್ದ. ಆದರೂ ಹೋಗಿ ಹಿಂದೆ ಕೂತ, ಎರಡೂ ಕೈಯಲ್ಲಿ ಬೆನ್ನು ಹಿಡಿದ.

ತುರುವೇಕೆರೆ, ಮಾಯಸಂದ್ರದ ಕಡೆಯಿಂದೆಲ್ಲ ಜನ ಬಂದರು. "ಥೇಟ್ ಸಿನಿಮಾದಲ್ಲಿದ್ದಂಗೇ ಕೂತವ್ನೆ," ಎಂದು ಹೊಗಳಿದರು. ಹಿಂದೆ ಇದ್ದವನನ್ನು ಯಾರೂ ನೋಡಲಿಲ್ಲ. ಬಿಸಿಲೇರಿತು. ಮೈ ಭಾರವಾಗಿತ್ತು, ಬೀಳ್ತೀನಿ ಅಂತ ಒಂದು ಮಾತೂ ಬರಲಿಲ್ಲ.

ಹೆಣದ ಬೆನ್ನಿಗೆ ಹಣೆಯಿಟ್ಟು ಬೆಟ್ಟಸ್ವಾಮಿ ಬಿಕ್ಕಿದ.

"ಆಣೆ ಮಾಡಿದ್ಯಲ್ಲೋ... ನನ್ನ ಹಿಂದೆ ಇನ್ಯಾರ್ಲಾ ಕೂತ್ಕತಾರೆ?"