ಕೆಂಗೇರಿಯ ನೆಂಟರು

ಕೆಂಗೇರಿಯಲ್ಲಿ ನಮಗೆ ನೆಂಟರು ಯಾರೂ ಇರಲಿಲ್ಲ. ಆದರೂ ಎಪ್ಪತ್ತರ ದಶಕದಲ್ಲಿ, ರಾಜಾಜಿನಗರದ ವಠಾರದಲ್ಲಿದ್ದಾಗ, ವರ್ಷಕ್ಕೊಂದು ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ ಎಂದು ಸುಳ್ಳು ಹೇಳುತ್ತಿದ್ದೆ.

ವಠಾರದಲ್ಲಿ ಆರು ಮನೆ, ಒಂದೇ ನಲ್ಲಿ. ಕ್ರೈಸ್ತರೆಂದರೆ ನಮ್ಮ ಮನೆಯೊಂದೇ. ನನ್ನ ಬಾಯೇನೂ ಸಣ್ಣದಲ್ಲ. ಯಾರಾದರೂ ಸರತಿ ತಪ್ಪಿಸಿ ಕೊಡ ಇಟ್ಟರೆ ಬೀದಿಗೆ ಕೇಳುವ ಹಾಗೆ ಜಗಳಕ್ಕೆ ನಿಲ್ಲುತ್ತಿದ್ದೆ. ಕಾರ್ಖಾನೆಯಿಂದ ಬಂದ ನನ್ನ ಯಜಮಾನರು ತಲೆ ತಗ್ಗಿಸಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಆದರೆ ದೇವರ ಮಾತು ಬಂದರೆ ಮಾತ್ರ ಅದೇ ಬಾಯಿಗೆ ಬೀಗ ಬೀಳುತ್ತಿತ್ತು. ಭಾನುವಾರ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ ಚರ್ಚಿಗೆ ಎಂದು ಗೊಣಗಿ, ಸೀಮೆಎಣ್ಣೆ ಬಂತಾ ಎಂದು ಮಾತು ತಿರುಗಿಸುತ್ತಿದ್ದೆ.

ಆ ವಠಾರಕ್ಕೆ ಬರುವ ಮುಂಚೆಯೇ ನಾಲ್ಕು ವರ್ಷದ ನನ್ನ ಮಗ ತೀರಿಕೊಂಡಿದ್ದ. ಮೈಸೂರು ರಸ್ತೆಯ ಕಡೆ ನಮ್ಮವರ ಸಮಾಧಿ ತೋಟದಲ್ಲಿ ಅವನನ್ನು ಮಣ್ಣು ಮಾಡಿದ್ದೆವು. ಈಸ್ಟರ್ ದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಚರ್ಚಿನ ಸಭೆಯವರೆಲ್ಲ ಅಲ್ಲಿ ಸೇರಿ, ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಕರ್ತನಾದ ಯೇಸು ಎದ್ದಿದ್ದಾನೆಂದು ಹಾಡುವುದು ವಾಡಿಕೆ. ವಠಾರದಲ್ಲಾದರೋ, ಸ್ಮಶಾನಕ್ಕೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ನಲ್ಲಿ ಮುಟ್ಟುವಂತಿಲ್ಲ. ಹಬ್ಬದ ಸೀರೆಯುಟ್ಟು ಸಮಾಧಿಗಳ ನಡುವೆ ಹಾಡಿ ಬಂದೆ ಎಂದು ಅವರಿಗೆ ಹೇಗೆ ಹೇಳುವುದು? ಅದಕ್ಕೇ ಕೆಂಗೇರಿಯ ನೆಂಟರನ್ನು ಹುಟ್ಟಿಸಿದ್ದೆ. ಮಗನ ವಿಷಯವನ್ನೂ ಯಾರಿಗೂ ಹೇಳಿರಲಿಲ್ಲ. ಅವನ ಹೆಸರೆತ್ತಿದರೆ ಉಳಿದದ್ದನ್ನೆಲ್ಲ ಹೇಳಬೇಕಾಗುತ್ತಿತ್ತು.

ನಮ್ಮ ಎದುರು ಮನೆಯಲ್ಲಿ ಧಾರವಾಡದ ಕಡೆಯ ಲಿಂಗಾಯತ ದಂಪತಿ ಇದ್ದರು. ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹೆಂಡತಿ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದಳು. ಅವರಿಗೆ ಆರು ವರ್ಷದ ಒಬ್ಬಳೇ ಮಗಳು. ಒಂದು ವರ್ಷ ಶಿವರಾತ್ರಿಯಾದ ವಾರಕ್ಕೆ ಆ ಮಗುವಿಗೆ ಕಾಮಾಲೆಯಾಗಿ, ಹತ್ತೇ ದಿನದಲ್ಲಿ ಹೋಗಿಬಿಟ್ಟಿತು. ಅವರಲ್ಲೂ ಹೂಳುವುದೇ ಪದ್ಧತಿ. ಗಂಡಸರು ಕೂಸನ್ನು ಎತ್ತಿಕೊಂಡು ಹೋದರು. ತಾಯಿಯನ್ನು ಕರೆದೊಯ್ಯಲಿಲ್ಲ. ಮಾಗಡಿ ರಸ್ತೆಯ ಕಡೆ ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು.

ಆಮೇಲೆ ಅವಳು ಊಟ ಬಿಟ್ಟಳು. ಹೊಸ್ತಿಲಿನ ಒಳಗೆ ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದಳು. ದಿನಾ ಒಂದು ಲೋಟ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಎರಡು ಗುಟುಕು ಕುಡಿದರೆ ಹೆಚ್ಚು. ಹೀಗೇ ಆದರೆ ಇವಳೂ ಉಳಿಯುವುದಿಲ್ಲ ಎಂದು ವಠಾರದವರೆಲ್ಲ ಮಾತಾಡಿಕೊಳ್ಳುತ್ತಿದ್ದರು, ನನಗೂ ಅದೇ ಭಯ. ಒಂದು ದಿನ ಲೋಟ ಕೆಳಗಿಟ್ಟು ನನ್ನ ಮುಖ ನೋಡಿ ಕೇಳಿದಳು:

"ಮಣ್ಣಾಗ ಅದಕ್ಕ ಥಂಡಿ ಆಗಂಗಿಲ್ಲೇನ್ರೀ ಅಕ್ಕಾರ?"

ಮಗನನ್ನು ಮಣ್ಣು ಮಾಡಿ ಬಂದ ದಿನ ನಾನೂ ಇದನ್ನೇ ಕೇಳಿದ್ದೆ. ನನಗೆ ಸಿಕ್ಕ ಉತ್ತರ ನನ್ನೊಳಗೇ ಇತ್ತು. ಆದರೆ ಬಾಯಿಂದ ಬಂದದ್ದು, ಹಾಗೆಲ್ಲ ಯೋಚನೆ ಮಾಡಬೇಡಿ, ಗಂಜಿ ಕುಡೀರಿ ಎಂಬ ಮಾತು. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಬಂದುಬಿಟ್ಟೆ. ಒಲೆಯೇ ಹಚ್ಚಿರಲಿಲ್ಲ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಅವು. ನಮ್ಮ ಸಭೆಯ ಪಾದ್ರಿಗಳನ್ನು ಅಯ್ಯನವರು ಎನ್ನುತ್ತಿದ್ದೆವು. ಹಬ್ಬದೊಳಗೆ ಪ್ರತಿಯೊಬ್ಬರೂ ಒಬ್ಬರಿಗಾದರೂ ನಿಮ್ಮ ನಂಬಿಕೆಯ ವಿಷಯ ಹೇಳಿ ಎಂದು ಅವರು ಬೋಧನೆಯಲ್ಲಿ ಹೇಳಿದ್ದರು. ನನಗೆ ಸಿಟ್ಟು ಬಂತು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ಅವರನ್ನು ತಡೆದು, ನಾನು ಓದಿದ್ದು ಏಳನೇ ಕ್ಲಾಸು, ಬೈಬಲಿನ ವಾಕ್ಯಗಳು ಬಾಯಿಗೆ ಬರುವುದಿಲ್ಲ, ಎದುರಿನವರು ಏನಾದರೂ ಕೇಳಿದರೆ ಬೆಪ್ಪಾಗಿ ನಿಲ್ಲುತ್ತೇನೆ, ಇದೆಲ್ಲ ನಿಮ್ಮಂಥವರ ಕೆಲಸ ಎಂದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು:

"ಗೊತ್ತಿರೋದು ಹೇಳಮ್ಮ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ಅದಕ್ಕೆ ಏಳನೇ ಕ್ಲಾಸು ಜಾಸ್ತಿನೇ ಆಯ್ತು."

ಅದು ನನಗೆ ಹಿಡಿಸಲಿಲ್ಲ. ಮನೆಗೆ ಬಂದು, ಚರ್ಚಿನಲ್ಲಿ ಪ್ರಸಂಗ ಮಾಡುವವರ ಹಾಗೆ ದೊಡ್ಡ ದೊಡ್ಡ ಮಾತುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಉರು ಹೊಡೆದೆ. ಹಾಳೆಯನ್ನು ಬೇಳೆ ಡಬ್ಬಿಯಲ್ಲಿಟ್ಟೆ. ದಿನಾ ಗಂಜಿ ಒಯ್ಯುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ದಿನಾ ಉಳಿದ ಗಂಜಿ ಚೆಲ್ಲಿ, ಲೋಟ ತೊಳೆದಿಟ್ಟು ಸುಮ್ಮನಾಗುತ್ತಿದ್ದೆ. ಹೀಗೆ ಮೂರು ವಾರ ಕಳೆದವು.

ಈಸ್ಟರ್ ಬಂತು. ಎಂದಿನಂತೆ ನಸುಕಿನಲ್ಲಿ ಹೋಗಿ, ಮಗನ ಸಮಾಧಿಗೆ ಮಲ್ಲಿಗೆ ಹಾಕಿ, ಹಾಡಿ, ಎಂಟು ಗಂಟೆಗೆ ವಠಾರಕ್ಕೆ ವಾಪಸು ಬಂದೆವು. ಅವಳು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ಎಷ್ಟೋ ದಿನದ ಮೇಲೆ ಹೊರಗೆ ಬಂದಿದ್ದಳು, ನಿಲ್ಲುವುದಕ್ಕೂ ತ್ರಾಣವಿರಲಿಲ್ಲ. ಇಷ್ಟು ಬೆಳಿಗ್ಗೆ ಎಲ್ಲಿಗೆ ಹೋಗಿದ್ದಿರಿ ಎಂದು ಮೆಲ್ಲಗೆ ಕೇಳಿದಳು.

"ಕೆಂಗೇರಿಗೆ. ನೆಂಟರ ಮನೆಗೆ" ಎಂದೆ.

ಅವಳು ನನ್ನ ಕಾಲು ನೋಡಿದಳು. ಪಾದಕ್ಕೆ ಕೆಂಪು ಮಣ್ಣು ಮೆತ್ತಿತ್ತು, ಸೀರೆಯ ಅಂಚಿಗೆ ಮೇಣ ಬಿದ್ದು ಗಟ್ಟಿಯಾಗಿತ್ತು. ಕೊಡ ಎತ್ತಿಕೊಂಡು ಒಳಗೆ ಹೋದಳು.

ನಾನು ಮನೆಗೆ ಬಂದು ಅಡಿಗೆ ಮನೆಯಲ್ಲಿ ನಿಂತೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಒಂದು ಗಂಟೆಯ ಹಿಂದೆ, ಸಾವು ಸೋತಿತು ಎಂದು ಗಂಟಲು ಹರಿಯುವ ಹಾಗೆ ಹಾಡಿದವಳು ನಾನೇ. ಆ ಮಾತು ಯಾರಿಗೆ ಬೇಕಿತ್ತೋ ಅವಳ ಎದುರು ನಿಂತು ಸುಳ್ಳು ಹೇಳಿದವಳೂ ನಾನೇ. ಕಾಲು ಕೂಡ ತೊಳೆಯದೆ ಎದುರು ಮನೆಗೆ ಹೋಗಿ ಹೊಸ್ತಿಲ ಹೊರಗೇ ನಿಂತೆ. ಬೇಳೆ ಡಬ್ಬಿಯ ಹಾಳೆಯ ಒಂದು ಪದವೂ ನೆನಪಿಗೆ ಬರಲಿಲ್ಲ.

"ಸುಳ್ಳು ಹೇಳ್ದೆ ಕಣಮ್ಮ. ಸ್ಮಶಾನಕ್ಕೆ ಹೋಗಿದ್ದೆ. ನನ್ನ ಮಗ ಅಲ್ಲಿದಾನೆ. ನಾಲ್ಕು ವರ್ಷದೋನು."

ಅವಳು ತಲೆ ಎತ್ತಿದಳು. ನಾನು ಅಳುತ್ತಾ ಅಳುತ್ತಾ, ಹಿಂದುಮುಂದಾಗಿ, ಗೊತ್ತಿದ್ದಷ್ಟು ಹೇಳಿದೆ. ನಿನ್ನ ಪ್ರಶ್ನೆಯನ್ನು ನಾನೂ ಕೇಳಿದ್ದೆ ಎಂದೆ. ಯೇಸುಸ್ವಾಮಿಯನ್ನೂ ಸಮಾಧಿಯಲ್ಲಿ ಇಟ್ಟಿದ್ದರು, ಮೂರನೇ ದಿನ ಎದ್ದು ಬಂದ, ನನ್ನ ಮಗ ಈಗ ಅವನ ಹತ್ತಿರ ಇದ್ದಾನೆಂದು ನಂಬಿದ್ದೇನೆ, ಅದಕ್ಕೇ ಸಮಾಧಿಯ ಹತ್ತಿರ ಹಾಡುತ್ತೇವೆ ಎಂದೆ. ನಮ್ಮ ಕೂಸೋ ಎಂದು ಅವಳು ಕೇಳಿದಳು. ಅದಕ್ಕೆ ದೊಡ್ಡ ಉತ್ತರ ನನಗೆ ಗೊತ್ತಿಲ್ಲ, ಮಕ್ಕಳನ್ನು ಯಾರೂ ತಡೆಯಬೇಡಿ, ನನ್ನ ಹತ್ತಿರ ಬಿಡಿ ಎಂದವನು ಅವನು, ಅಷ್ಟು ಮಾತ್ರ ಗೊತ್ತು ಎಂದೆ.

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಇಷ್ಟು ದಿನ ಯಾಕ ಹೇಳಲಿಲ್ರೀ ಅಕ್ಕಾರ? ನಾ ಒಬ್ಬಾಕೀನ ಅನ್ಕೊಂಡಿದ್ನಿ."

ಅವತ್ತು ಗಂಜಿ ಪೂರ್ತಿ ಕುಡಿದಳು. ಅವಳೇನೂ ನಮ್ಮ ಸಭೆಗೆ ಸೇರಲಿಲ್ಲ. ಕೊರಳಿನ ಲಿಂಗ ಕೊರಳಲ್ಲೇ ಇತ್ತು. ಕೆಲವು ಸಂಜೆ ನಮ್ಮ ಮನೆಗೆ ಬಂದು, ಆ ಎದ್ದು ಬಂದವರ ಕಥೆ ಇನ್ನೊಮ್ಮೆ ಹೇಳಿರಿ ಎಂದು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ನಮ್ಮ ಸಭೆಯ ಎಳೆಯ ಹೆಣ್ಣುಮಕ್ಕಳು ಈಗಲೂ, ನಮಗೆ ಹೇಳೋಕೆ ಬರಲ್ಲ ಆಂಟಿ ಎನ್ನುತ್ತಾರೆ. ನನಗೂ ಬರುತ್ತಿರಲಿಲ್ಲ. ಬರುತ್ತದೆಂದು ಕಾದ ಮೂರು ವಾರ ಒಬ್ಬ ತಾಯಿ ಗೋಡೆಗೆ ಒರಗಿ ಒಂಟಿಯಾಗಿ ಕೂತಿದ್ದಳು ಎಂಬುದನ್ನು ಮಾತ್ರ ಅವರಿಗೆ ಹೇಳುತ್ತೇನೆ.

ಮರುವರ್ಷ ಈಸ್ಟರಿನ ನಸುಕಿನಲ್ಲಿ ನಾವು ಬಾಗಿಲು ತೆಗೆದಾಗ ಅವಳು ವಠಾರದ ಗೇಟಿನ ಹತ್ತಿರ ನಿಂತಿದ್ದಳು. ಪಕ್ಕದಲ್ಲಿ ಗಂಡ. ಬಾಳೆಲೆಯಲ್ಲಿ ಅವಳೇ ಕಟ್ಟಿದ ಎರಡು ಮಲ್ಲಿಗೆ ಮಾಲೆ.

"ಒಂದು ನಿಮ್ಮ ಮಗಗ. ಇನ್ನೊಂದು ನಮ್ಮ ಕೂಸಿಗೆ. ಎಲ್ಲೈತಂತ ಇವರು ತೋರಿಸ್ತಾರ" ಎಂದಳು. "ನೀವೂ ಬರ್ರಿ ಅಕ್ಕಾರ. ಅಲ್ಲೂ ಒಂದು ಹಾಡು ಹಾಡ್ರಿ."