ಬುಟ್ಟಿಗೆ ಒಂದೊಂದು ಹಿಡಿ ಮಣ್ಣು

ಮೊನ್ನೆ ಚಿತ್ರದುರ್ಗದ ಚರ್ಚಾಸ್ಪರ್ಧೆಯಲ್ಲಿ ಕೊಟ್ಟ ವಿಷಯ: ಶಾಲೆಗಳಲ್ಲೂ ರಸ್ತೆಗಳಲ್ಲೂ ಪೊಲೀಸರ ಪಾತ್ರ ಕಡಿಮೆಯಾಗಬೇಕು. ನಾನು ಪರ. ಹೆಲ್ಮೆಟ್ ನೋಡುವುದಕ್ಕೆ ಲಾಠಿ ಏಕೆ ಎಂದು ಶುರುಮಾಡಿ ಚೆನ್ನಾಗಿಯೇ ಮಾತಾಡಿದೆ. ಕೊನೆಗೆ ತೀರ್ಪುಗಾರರು, "ಶಾಲೆಯ ಬಗ್ಗೆ ನೀನೇ ಕಂಡ ಒಂದು ಉದಾಹರಣೆ ಕೊಡಮ್ಮ" ಎಂದರು. ನಾನು ಓದಿಕೊಂಡಿದ್ದ ಅಂಕಿಅಂಶವನ್ನೇ ಮತ್ತೊಮ್ಮೆ ಹೇಳಿ ಕೂತೆ. ಉದಾಹರಣೆ ಇತ್ತು. ಆದರೆ ಅದರಲ್ಲಿ ನಾನು ವಿರೋಧವಾಗಿ ಮಾತಾಡಿದ್ದೆ.

ಎಂಟು ವರ್ಷದ ಹಿಂದೆ, ಭರಮಸಾಗರದ ಹತ್ತಿರದ ಹೈಸ್ಕೂಲು, ಒಂಬತ್ತನೇ ತರಗತಿ. ಗಣೇಶನ ಹಬ್ಬಕ್ಕೆ ಮುಂಚೆ ಕೆರೆಯ ಜೇಡಿಮಣ್ಣು ತಂದು ನಾವೇ ಗಣಪತಿ ಮಾಡುತ್ತಿದ್ದೆವು. ನನ್ನ ಬೆಂಚಿನ ಗೆಳತಿಯ ಅಪ್ಪ, ಅವಳ ಬಾಯಲ್ಲಿ ಅಬ್ಬಾ, ಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. ಸೊಂಡಿಲು ತಿರುಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಆ ದಿನ ನಮ್ಮ ಕ್ಲಾಸ್ ಮಿಸ್ ಮಣ್ಣು ಕಲಸುವಾಗ ಉಂಗುರ ತೆಗೆದು ಕಿಟಕಿಯಲ್ಲಿಟ್ಟರು. ತೀರಿಹೋದ ತಾಯಿಯ ಉಂಗುರ. ಕೈ ತೊಳೆದು ಬರುವಷ್ಟರಲ್ಲಿ ಇರಲಿಲ್ಲ. ಮಣ್ಣಿನ ರಾಶಿ ಜಾಲಾಡಿದ್ದಾಯಿತು, ಐದಾರು ಗಣಪತಿಗಳ ಹೊಟ್ಟೆ ಬಗೆದದ್ದೂ ಆಯಿತು.

ಸುದ್ದಿ ಕೇಳಿ ಹೆಡ್‌ಮೇಷ್ಟ್ರು ಬಂದರು. ನಾನು ಎದ್ದು ನಿಂತೆ. "ಪೊಲೀಸ್ರನ್ನ ಕರೆಸಿ ಸಾರ್. ತಪ್ಪು ಮಾಡದೇ ಇರೋರಿಗೆ ಭಯ ಯಾಕೆ?"

ಹೆಡ್‌ಮೇಷ್ಟ್ರು ಫೋನ್ ತೆಗೆದರು. ಗೆಳತಿ ಬೆಂಚಿನ ಕೆಳಗೆ ನನ್ನ ಕೈ ಹಿಡಿದಳು. ಹಿಂದಿನ ವರ್ಷ ಸೈಕಲ್ಲೊಂದು ಕಾಣೆಯಾದಾಗ ಪೊಲೀಸರೊಬ್ಬರು ಬಂದು ಅವಳ ಅಕ್ಕನನ್ನು ಸ್ಟಾಫ್‌ರೂಮಿನಲ್ಲಿ ನಿಲ್ಲಿಸಿ ವಿಚಾರಿಸಿದ್ದರು. ಸೈಕಲ್ಲು ಸಂಜೆ ಪಂಕ್ಚರ್ ಅಂಗಡಿಯಲ್ಲಿ ಸಿಕ್ಕಿತು, ಬಿಟ್ಟುಬಂದವನೇ ಮರೆತಿದ್ದ. ಅಕ್ಕ ಮತ್ತೆ ಶಾಲೆಗೆ ಬರಲಿಲ್ಲ.

"ಪೊಲೀಸ್ರು ಬಂದ್ರೆ ಅಬ್ಬಾ ನನ್ನೂ ಸ್ಕೂಲು ಬಿಡಿಸ್ತಾರೆ ಕಣೆ."

ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದು ನಿಂತಿದ್ದೆ. ವಾದ ಸರಿಯಾಗಿತ್ತಲ್ಲ!

ಬಿಸಿಯೂಟದ ಅಡುಗೆ ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಫೋನ್ ಇಡ್ರಿ ಸಾರ್. ನಮ್ಮೂರಾಗೆ ಇದಕ್ಕೊಂದು ದಾರಿ ಐತೆ. ಒಂದು ಬುಟ್ಟಿ ಇಡಾಣ. ಎಲ್ರೂ ಒಂದೊಂದು ಹಿಡಿ ಮಣ್ಣು ತಗಂಡು ಒಬ್ಬೊಬ್ರೇ ಒಳಗೋಗಿ ಹಾಕಿ ಬರ್ಲಿ. ನೀವೂ, ನಾನೂ. ಉಂಗುರ ತಗಂಡೋರು ಮಣ್ಣಾಗೆ ಮುಚ್ಚಿ ಹಾಕ್ತಾರೆ."

"ಹಂಗಾದ್ರೆ ಕಳ್ಳರು ಯಾರು ಅಂತ ಹೆಂಗೆ ಗೊತ್ತಾಗುತ್ತೆ ಅಜ್ಜಿ?" ಎಂದೆ.

"ಗೊತ್ತಾಗಲ್ಲ."

"ಮತ್ತೆ ಶಿಕ್ಷೆ?"

"ಏನವ್ವ ಲಾಯರಮ್ಮ, ನಿಂಗೆ ಉಂಗುರ ಬೇಕೋ, ಕಳ್ಳ ಬೇಕೋ?"

ತರಗತಿಯೆಲ್ಲ ನಕ್ಕಿತು. ಮಿಸ್ ಮಾತ್ರ ಮೆಲ್ಲಗೆ ಹೇಳಿದರು: "ನಂಗೆ ಉಂಗುರ ಸಾಕು."

ಸಾಮಾನಿನ ಕೋಣೆಯಲ್ಲಿ ಬುಟ್ಟಿ, ಹೊರಗೆ ನಮ್ಮ ಸಾಲು. ಹೆಡ್‌ಮೇಷ್ಟ್ರೂ ಬಿಳಿ ಅಂಗಿಯ ತೋಳು ಮಡಚಿ ಮಣ್ಣು ಹಿಡಿದು ನಿಂತರು. "ಮುಷ್ಟಿ ಬಿಗಿ ಹಿಡೀರಿ ಸಾರ್, ಉದುರ್ತೈತೆ" ಎಂದು ಅಜ್ಜಿ ಗದರಿದರು. ನನ್ನ ಮುಂದಿದ್ದ ಗೆಳತಿ ಹೋಗಿಬಂದವಳು ಅಲ್ಲಿಂದ ಕದಲಲೇ ಇಲ್ಲ. ಬಾಗಿಲಿಗೆ ಅಡ್ಡ ನಿಂತು, ಇಣುಕುವವರನ್ನು "ಅತ್ಲಾಗೆ ಹೋಗ್ರೋ" ಎಂದು ಓಡಿಸುತ್ತಿದ್ದಳು. ಇವಳಿಗೇಕೆ ಇಷ್ಟು ಕಾಳಜಿ ಎಂದು ನನಗೆ ಆಗಲೇ ಅನುಮಾನ.

ಎಲ್ಲರದೂ ಮುಗಿದ ಮೇಲೆ ಅಜ್ಜಿ ಬುಟ್ಟಿಯನ್ನು ಅಂಗಳಕ್ಕೆ ತಂದು ಸುರಿದು ಕೆದಕಿದರು. ಉಂಗುರ ಅಲ್ಲಿತ್ತು. ಮಿಸ್ ಅದನ್ನು ತೊಳೆಯಲೂ ಇಲ್ಲ, ಮಣ್ಣು ಸಮೇತ ಬೆರಳಿಗೆ ಹಾಕಿಕೊಂಡರು. ನಾವು ಒಬ್ಬರ ಮುಖ ಒಬ್ಬರು ನೋಡಲು ಶುರುಮಾಡುವ ಮೊದಲೇ ಅಜ್ಜಿ ಕೂಗಿದರು: "ಏನ್ ನೋಡ್ತೀರ, ಸಾರು ಆರ್ತೈತೆ, ಕುಂತ್ಕಳ್ರಿ ಊಟಕ್ಕೆ."

ಗೆಳತಿ ಈಗ ಹೊಸದುರ್ಗದಲ್ಲಿ ಟೀಚರು. ಚರ್ಚೆಯಲ್ಲಿ ಸೋತ ಮರುದಿನ ಫೋನ್ ಮಾಡಿದೆ.

"ಆವತ್ತು ನಂಗೆ ನಿನ್ನ ಮೇಲೇ ಅನುಮಾನ ಇತ್ತು ಕಣೆ. ಕಾವಲು ನಿಂತಿದ್ದೆಯಲ್ಲ."

ಅವಳು ಜೋರಾಗಿ ನಕ್ಕಳು. "ಲೇ, ನಂಗೆ ನಿನ್ನ ಮೇಲಿತ್ತು! ಪೊಲೀಸು ಪೊಲೀಸು ಅಂತ ಅಷ್ಟು ಕೂಗ್ತಾಳೆ, ಇವ್ಳೇ ಇರ್ಬೇಕು ಅನ್ಕಂಡೆ. ನೀನು ಹಾಕೋದು ಯಾರಿಗೂ ಕಾಣ್ಬಾರ್ದು ಅಂತ ಅಡ್ಡ ನಿಂತೆ."

"ನಾನು ತಗಂಡಿರ್ಲಿಲ್ಲ ಕಣೆ!"

"ಸಾಕ್ಷಿ ಏನೈತೆ?"

ಇರಲಿಲ್ಲ. ಅವಳನ್ನು ಶಾಲೆ ಬಿಡಿಸಲು ಹೊರಟಿದ್ದವಳು ನಾನು, ನನ್ನನ್ನು ಕಾಪಾಡಲು ಅಡ್ಡ ನಿಂತಿದ್ದವಳು ಅವಳು. "ಅಲ್ವೇ, ಆವತ್ತು ನಾನು..." ಎಂದು ಶುರುಮಾಡಿದೆ.

"ಇರ್ಲಿ ಬಿಡೆ," ಎಂದಳು, "ಬೆಲ್ ಆಯ್ತು. ಕ್ಲಾಸಲ್ಲಿ ಮಕ್ಳು ಕಾಯ್ತಾವೆ."